ಮಲ್ಲಿಗೆ ಕಟ್ಟಿದ ತಪ್ಪಿಗೆ

ನಿರುದ್ಯೋಗ ಭತ್ಯೆ ಕೊಟ್ಟರೆ ಯುವಜನರು ಸೋಮಾರಿಗಳಾಗುತ್ತಾರೆ ಎನ್ನುವವರು ಮೊನ್ನೆ ಉಡುಪಿಯ ಭತ್ಯೆ ಕಚೇರಿಯಲ್ಲಿ ನಮ್ಮ ಜೊತೆ ನಿಲ್ಲಬೇಕಿತ್ತು. ನನ್ನ ಗೆಳತಿ ಸುಮತಿ ಬಿ.ಎ. ಮುಗಿಸಿದವಳು. ಭತ್ಯೆ ಬಂದರೆ ಮಾತ್ರ ಅವಳ ಟೈಪಿಂಗ್ ಕ್ಲಾಸು ಮುಂದುವರಿಯುತ್ತದೆ. ಬರುತ್ತಿದ್ದ ಭತ್ಯೆ ಯಾಕೆ ನಿಂತಿತೆಂದು ಅಲ್ಲಿನ ಗುಮಾಸ್ತರನ್ನು ಕೇಳಿದಳು.

"ಶಂಕರಪುರದವರಲ್ವಾ? ಮನೆಯಲ್ಲಿ ಮಲ್ಲಿಗೆ ಕಟ್ಟುವುದಿಲ್ವಾ?" ಎಂದರು ಗುಮಾಸ್ತರು. ಮಲ್ಲಿಗೆಗೇ ಹೆಸರಾದ ಊರು ಅವಳದು.

"ಬೆಳಿಗ್ಗೆ ಅಮ್ಮನಿಗೆ ಕಟ್ಟಿಕೊಡುತ್ತೇನೆ ಸಾರ್."

"ಹಾಗಾದ್ರೆ ಸ್ವಂತ ಉದ್ಯೋಗ ಉಂಟಲ್ಲ ಮಾರಾಯ್ರೆ! ಭತ್ಯೆ ಎಂತಕ್ಕೆ?"

ನಿಜ ಹೇಳಿದ್ದೇ ತಪ್ಪಾಯಿತು. ಇದೇ ಸುಮತಿ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದಾಗ, ಉದ್ಯೋಗವಿಲ್ಲದವರಿಗೆ ಕೊಡುವುದಿಲ್ಲವೆಂದು ಬ್ಯಾಂಕಿನವರು ವಾಪಸು ಕಳುಹಿಸಿದ್ದರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಗುಮಾಸ್ತರೇ, ಅಮ್ಮನಿಗೆ ಹೂ ಕಟ್ಟಿಕೊಡುವುದು ಉದ್ಯೋಗವೆಂದು ಸಹಿ ಹಾಕಿ ಬರೆದುಕೊಡಿ ಎಂದು ಆವತ್ತೇ ಕೇಳಿದೆನಲ್ಲ, ಬ್ಯಾಂಕಿಗೆ ತೋರಿಸಲು ಅದನ್ನು ಯಾವಾಗ ಕೊಡುತ್ತೀರಿ?