ಗಾಡಿಯನ್ನು ಸಮ ಮಾಡಿದ್ದು

ಕುಶಾಲಪ್ಪ ಅಂದು ಕುಡಿದಿರಲಿಲ್ಲ. ಎಸ್ಟೇಟಿನ ಪಿಕಪ್ ಗಾಡಿ ಉರುಳಿದ್ದು ನನ್ನಿಂದ. ತಪ್ಪು ನನ್ನದೆಂದು ನನಗೆ ಆಗಲೇ ಗೊತ್ತಿತ್ತು — ಗಾಡಿ ಉರುಳುವುದಕ್ಕೂ ಎರಡು ದಿನ ಮುಂಚೆಯೇ.

ಮೂರು ವರ್ಷದ ಹಿಂದೆ ನಾನು ಚೆಟ್ಟಳ್ಳಿಯ ಕಾಫಿ ಎಸ್ಟೇಟಿಗೆ ರೈಟರಾಗಿ ಸೇರಿದೆ. ಆಳುಗಳ ಹಾಜರಿ, ಮೂಟೆಗಳ ಲೆಕ್ಕ ನನ್ನ ಕೆಲಸ. ಊರು ಫ್ರೇಜರ್‌ಪೇಟೆಯ ಹತ್ತಿರ. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆ ನಮ್ಮದು. ಆಗ ನನಗೆ ಇಪ್ಪತ್ತು. ಏನನ್ನೇ ಆದರೂ ಅಳೆದು, ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ. ಅದನ್ನೇ ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಸೇರಿದ ವರ್ಷವೇ, ಫೆಬ್ರವರಿಯಲ್ಲಿ, ಪಿಕಪ್ಪಿನ ಹಿಂಭಾಗ ಹೊರೆಗೆ ಕುಸಿಯುತ್ತಿದೆ ಎಂದು ಎರಡು ಕಡೆಯೂ ಒಂದೊಂದು ಹೊಸ ಸ್ಪ್ರಿಂಗ್ ಪಟ್ಟಿ ಸೇರಿಸಿದರು. ಗಾಡಿ ಈಗ ಸಮನಾಗಿ ನಿಂತಿದೆಯೇ ನೋಡಿ ಎಂದು ಮ್ಯಾನೇಜರು ಹೇಳಿದಾಗ ನಾನೇ ಮುಂದೆ ಬಿದ್ದೆ. ಕಾಫಿ ಒಣಗಿಸುವ ಕಣಕ್ಕೆ ಗಾಡಿ ತರಿಸಿದೆ. ಗಾರೆ ಕೆಲಸದವರ ರಸಮಟ್ಟ ಕೇಳಿ ತಂದು ಹಿಂದಿನ ತೊಟ್ಟಿಯ ಮೇಲೆ ಅಡ್ಡಲಾಗಿ ಇಟ್ಟೆ.

ಚಾಲಕ ಕುಶಾಲಪ್ಪ ಬೀಡಿ ಹಚ್ಚಿಕೊಂಡು ನೋಡುತ್ತಿದ್ದ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು.

"ಎಂತ ರೈಟ್ರೆ, ಗಾಡಿ ಮೇಲೆ ಗೋಡೆ ಕಟ್ಟಿಸ್ತೀರಾ?"

ಸುತ್ತ ಇದ್ದವರು ನಕ್ಕರು. ನಾನು ನಗಲಿಲ್ಲ. ರಸಮಟ್ಟದ ಗುಳ್ಳೆ ಬಲಕ್ಕೆ ಹೋಗಿತ್ತು — ಅಂದರೆ ಎಡಗಡೆ ತಗ್ಗು. ಕಮ್ಮಾರನಿಂದ ಎಡಗಡೆಯ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಎರಡು ಬೆರಳು ದಪ್ಪದ ಬೀಟೆ ಮರದ ತುಂಡು ಇಡಿಸಿದೆ. ಗುಳ್ಳೆ ನಡುವಿಗೆ ಬಂತು. ಆಗ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದೆ. ಆ ನೋಟ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಮರುದಿನವೇ ಕುಶಾಲಪ್ಪ ಬಂದು ಹೇಳಿದ, ಗಾಡಿ ಬಲಕ್ಕೆ ವಾಲುತ್ತದೆ ಎಂದು. ನಾನು ಮತ್ತೆ ಕಣಕ್ಕೇ ತರಿಸಿ, ಮತ್ತೆ ರಸಮಟ್ಟ ಇಟ್ಟು ತೋರಿಸಿದೆ. ಗುಳ್ಳೆ ನಡುವೆಯೇ ನಿಂತಿತ್ತು. ತನಗೇ ಹಾಗೆ ಅನ್ನಿಸಿರಬೇಕು ಎಂದು ಅವನು ತಲೆ ಕೆರೆದುಕೊಂಡು ಹೊರಟುಹೋದ.

ಶನಿವಾರ, ಹೊಸ ಕಾಫಿ ಹಣ್ಣು ಹರಡುವ ಮುಂಚೆ, ಹೆಂಗಸರು ಕಣಕ್ಕೆ ಸಗಣಿ ನೀರು ಹೊಯ್ದು ಸಾರಿಸುತ್ತಿದ್ದರು. ಹೊಯ್ದ ನೀರೆಲ್ಲ ಒಂದೇ ಕಡೆಗೆ, ಗೋಡೆಯ ಮಗ್ಗುಲಿನ ಕಿಂಡಿಯತ್ತ ಹರಿಯುತ್ತಿತ್ತು. ಗಾಡಿಯ ಎಡಗಾಲಿಗಳು ನಿಂತಿದ್ದ ಕಡೆಗೆ. ಯಾಕೆ ಹೀಗೆ ಎಂದು ಕೇಳಿದೆ. ಕುಶಾಲಪ್ಪನ ಹೆಂಡತಿ ಸೀತಮ್ಮ ಅಲ್ಲೇ ಪೊರಕೆ ಹಿಡಿದಿದ್ದಳು.

"ಕಣ ಇಳಿಜಾರು ಇರ್ಬೇಕಲ್ಲ ರೈಟ್ರೆ. ಇಲ್ದಿದ್ರೆ ಹೂಮಳೆ ಬಂದಾಗ ನೀರು ನಿಂತು ಹಣ್ಣು ಕೊಳೀತದೆ."

ನಮ್ಮ ಊರಿನಲ್ಲಿ ರಾಗಿ ಕಣವನ್ನು ತಟ್ಟೆಯಂತೆ ಸಮ ಮಾಡುತ್ತಾರೆ. ಕಣ ಸಮನಾಗಿರುವುದಿಲ್ಲ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಸರಿಯಾಗಿದ್ದ ಗಾಡಿಯನ್ನು ಓರೆ ನೆಲದ ಮೇಲೆ ನಿಲ್ಲಿಸಿ, ನೆಲದ ಓರೆಗೆ ಹೊಂದಿಸಿದ್ದೆ. ರಸ್ತೆಗೆ ಇಳಿದರೆ ಅದು ಬಲಕ್ಕೆ ವಾಲಲೇಬೇಕು.

ಆ ಕ್ಷಣವೇ ಹೋಗಿ ಹೇಳಬಹುದಿತ್ತು. ತುಂಡು ತೆಗೆಯಲು ಅರ್ಧ ಗಂಟೆಯ ಕೆಲಸ. ಆದರೆ ಆ ನಗು — ಗೋಡೆ ಕಟ್ಟುವ ರೈಟರು ಎಂದು ಆಳುಗಳ ಲೈನಿನ ಮನೆಮನೆಯಲ್ಲೂ ನಗುತ್ತಾರಲ್ಲ... ಸೋಮವಾರ ಏನಾದರೊಂದು ನೆಪ ಹೇಳಿ ತೆಗೆಸೋಣ ಎಂದುಕೊಂಡೆ. ಎಲ್ಲವನ್ನೂ ಬರೆದಿಡುವ ನಾನು ಅಂದು ಕಂಡದ್ದನ್ನು ಮಾತ್ರ ಬರೆಯಲಿಲ್ಲ.

ಸೋಮವಾರ ನಾನು ಏಳುವ ಮುಂಚೆಯೇ ಕುಶಾಲಪ್ಪ ಕಾಫಿ ಮೂಟೆ ತುಂಬಿಕೊಂಡು ಮಡಿಕೇರಿಗೆ ಹೊರಟಿದ್ದ. ಎಡಕ್ಕೆ ತಿರುಗುವ ಒಂದು ತಿರುವಿನಲ್ಲಿ ಮೂಟೆಗಳೆಲ್ಲ ಬಲಕ್ಕೆ ಸರಿದು ಗಾಡಿ ಹಳ್ಳಕ್ಕೆ ಮಗುಚಿತು. ಜೀವ ಉಳಿಯಿತು, ಬಲಭುಜದ ಮೂಳೆ ಮುರಿಯಿತು. ಹಿಂದಿನ ದಿನ ಲೈನಿನಲ್ಲಿ ಒಂದು ಮದುವೆ ಇತ್ತು. ಅಲ್ಲಿ ಕುಡಿದಿರಬೇಕು ಎಂದು ಯಾರೋ ಅಂದರು, ಸಂಜೆಯ ಹೊತ್ತಿಗೆ ಎಲ್ಲರೂ ಅಂದರು.

ಮ್ಯಾನೇಜರು ನನ್ನನ್ನು ಕರೆಸಿ ಗಾಡಿಯಲ್ಲಿ ಏನಾದರೂ ದೋಷವಿತ್ತೇ ಎಂದು ಕೇಳಿದರು. ಕುಶಾಲಪ್ಪ ತೋಳಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದ; ನನ್ನನ್ನೇ ನೋಡುತ್ತಿದ್ದ.

"ಇಲ್ಲ ಸಾರ್. ಗಾಡಿ ಸಮ ಇತ್ತು. ನಾನೇ ನೋಡಿದ್ದೆ."

ಕುಡಿದಿದ್ದ ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಕುಶಾಲಪ್ಪ ಅಲ್ಲೇ, ಎಲ್ಲರ ಎದುರು, ಕಾವೇರಮ್ಮನ ಆಣೆ ಹಾಕಿದ — ಹನಿ ಮುಟ್ಟಿಲ್ಲ ಎಂದು. ಯಾರೂ ನಂಬಲಿಲ್ಲ. ಮೊದಲೆಲ್ಲ ಕುಡಿಯುತ್ತಿದ್ದವನು, ಮಗು ಹುಟ್ಟಿದ ಮೇಲಷ್ಟೇ ಬಿಟ್ಟಿದ್ದ. ಸೀತಮ್ಮನೂ ನಂಬಲಿಲ್ಲ. ಕುಡಿದದ್ದನ್ನಾದರೂ ಸಹಿಸುತ್ತಿದ್ದೆ, ಕಾವೇರಮ್ಮನ ಹೆಸರಲ್ಲಿ ಸುಳ್ಳಾಣೆ ಹಾಕಿದವನ ಜೊತೆ ಹೇಗೆ ಬಾಳಲಿ ಎಂದು ಅತ್ತಳಂತೆ. ಕೆಲಸ ಹೋಗಿ ಅವನು ಊರು ಬಿಟ್ಟಾಗ ಅವಳು ಮಗುವಿನೊಂದಿಗೆ ಇಲ್ಲೇ ಉಳಿದಳು.

ಇನ್ನೂ ಒಂದು ಹೇಳಬೇಕು. ಮಗುಚಿದ ಗಾಡಿಯನ್ನು ರಿಪೇರಿಗೆ ಬಿಚ್ಚಿದಾಗ ಆ ಬೀಟೆ ತುಂಡನ್ನು ನಾನೇ ತೆಗೆಸಿದೆ, ಅದು ಸೀಳುಬಿಟ್ಟಿದೆ ಎಂದು ನೆಪ ಹೇಳಿ. ಹೊಸ ಚಾಲಕ ಗಾಡಿ ಚೆನ್ನಾಗಿ ಓಡುತ್ತದೆ ಎಂದ. ಅದನ್ನು ಕೇಳಿ ನನಗೆ — ಸಮಾಧಾನವಾಯಿತು. ನಾಚಿಕೆಗಿಂತ ಮೊದಲು ಸಮಾಧಾನ.

ಹೋದ ವಾರ ಕೆಲಸದ ಮೇಲೆ ಮಾಕುಟ್ಟಕ್ಕೆ ಹೋಗಿದ್ದೆ. ಚೆಕ್‌ಪೋಸ್ಟಿನ ಹತ್ತಿರ ಲಾರಿಗೆ ಬಿದಿರು ತುಂಬುವವರಲ್ಲಿ ಕುಶಾಲಪ್ಪನಿದ್ದ. ಎಡತೋಳಿನಲ್ಲೇ ಎತ್ತುತ್ತಿದ್ದ. ನನ್ನನ್ನು ಕಂಡು ಬೆವರು ಒರೆಸಿಕೊಂಡು ಹತ್ತಿರ ಬಂದ. ಸೀತಮ್ಮ ಹೇಗಿದ್ದಾಳೆ, ಮಗು ನಡೆಯುತ್ತದಾ ಎಂದು ಕೇಳಿದ. ಮಗುವಿಗೆ ಆಗಲೇ ನಾಲ್ಕು ವರ್ಷ. ಕೊನೆಗೆ ದನಿ ತಗ್ಗಿಸಿ ಅಂದ:

"ನಾನು ಕುಡ್ದಿರ್ಲಿಲ್ಲ ರೈಟ್ರೆ. ನೀವಾದ್ರೂ ನಂಬ್ತೀರಲ್ಲ?"

ನಂಬುತ್ತೇನೆ ಎಂದೆ. ಅಷ್ಟು ಹೇಳಿ ಬಸ್ಸು ಹತ್ತಿದೆ. ಅವನು ಕೈಮುಗಿದು ನಿಂತಿದ್ದ — ನನಗೆ ಕೃತಜ್ಞನಾಗಿ.

ನಾಳೆ ಶನಿವಾರ, ಬಟವಾಡೆ. ಆಫೀಸಿನ ಜಗುಲಿಯ ಮುಂದೆ ಲೈನಿನವರೆಲ್ಲ ನಿಂತಿರುತ್ತಾರೆ, ಮ್ಯಾನೇಜರೂ ಇರುತ್ತಾರೆ. ಹೆಸರು ಕೂಗುವುದಕ್ಕೆ ಮೊದಲು ಹೇಳಬೇಕು. ಕಣದ ಓರೆ, ರಸಮಟ್ಟ, ಬೀಟೆಯ ತುಂಡು, ಎಲ್ಲವನ್ನೂ. ಆದರೆ ಮೊದಲ ಮಾತು ಸೀತಮ್ಮನಿಗೆ: ನಿನ್ನ ಗಂಡ ಹಾಕಿದ ಆಣೆ ಸತ್ಯ.