ಪಿಸ್ಟನ್ನನ್ನೇ ಕೇಳುತ್ತಿದ್ದ ಶಿವಲಿಂಗಯ್ಯ

ಶಿವಲಿಂಗಯ್ಯನವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎಡಗಿವಿಯೋ ಬಲಗಿವಿಯೋ, ಈಗ ಹೇಳಲಾರೆ. ಎಡಗಿವಿ ಎಂದು ನಾಲ್ಕೈದು ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿಯೇ ಅದು ಎಡಗಿವಿ ಆಗಿರಬಹುದು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಇರುವುದು ಒಬ್ಬನೇ ಸಾಕ್ಷಿ, ಅವನೂ ಕತೆಯೊಳಗಿನವನೇ ಎಂದಾದರೆ ಅಂಥ ಹೇಳಿಕೆಯನ್ನು ಪಕ್ಕಕ್ಕಿಡುವುದು ನನಗೆ ರೂಢಿ. ಇಲ್ಲಿ ಆ ಸಾಕ್ಷಿ ನಾನೇ. ಮುಂದಿನದನ್ನು ಅಷ್ಟೇ ಅನುಮಾನದಿಂದ ಓದಿ.

ಪೆಸಿಫಿಕ್ ತೀರದ ಕೆನ್ಮೋರ್ ಎಂಬ ಪರದೇಶದ ಊರಿನಲ್ಲಿ ನಮ್ಮ ಪಕ್ಕದ ಮನೆ ರೂಪಾ ಅವರದು. ಶಿವಲಿಂಗಯ್ಯನವರು ಅವರ ತಂದೆ. ಮೈಸೂರಿನ ಮೋಟಾರ್ ಸೈಕಲ್ ಕಾರ್ಖಾನೆಯೊಂದರಲ್ಲಿ, ಅದು ಬಾಗಿಲು ಹಾಕುವವರೆಗೂ, ತಯಾರಾಗಿ ಬಂದ ಬೈಕುಗಳನ್ನು ಓಡಿಸಿ ಪರೀಕ್ಷಿಸುವ ಕೆಲಸದಲ್ಲಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಜುಲೈ ತಿಂಗಳಲ್ಲೂ ಮಂಕಿ ಕ್ಯಾಪು, ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ.

ಆ ವರ್ಷ ಪಕ್ಕದ ಊರು ಬೆಲ್ವ್ಯೂನಲ್ಲಿ ನನ್ನ ಕೆಲಸ ಹೋಗಿತ್ತು. ಸಂಬಳ ಬರುತ್ತಿದ್ದ ಕಾಲದ ಹುಮ್ಮಸ್ಸಿನಲ್ಲಿ ಒಂದು ಹಳೆಯ ಸ್ನೋಮೊಬೈಲ್ ಕೊಂಡಿದ್ದೆ. ಚಕ್ರಗಳ ಬದಲು ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರ್ ಪಟ್ಟಿ ಇರುವ, ಹಿಮದ ಮೇಲೆ ಓಡುವ ಬೈಕು. ಅದರ ಎಂಜಿನ್ ತಿರುಗದಂತೆ ಹಿಡಿದುಕೊಂಡಿತ್ತು. ಬೇರೆ ಕೆಲಸವಿಲ್ಲದೆ ಗರಾಜಿನಲ್ಲಿ ಅದನ್ನು ಬಿಚ್ಚಿ ಜೋಡಿಸುತ್ತ ಕೂತಿದ್ದಾಗ ಅವರು ಚಪ್ಪಲಿ ಎಳೆಯುತ್ತ ಬಂದರು.

"ಟೂ ಸ್ಟ್ರೋಕಾ?"

"ಹೌದು ಅಂಕಲ್."

"ವಾಸ್ನೆ ಬಂತು, ಅದುಕ್ಕೇ ಬಂದೆ. ನೀವು ಏನ್ ಓದಿದೀರಿ?"

"ಪಿಎಚ್‌ಡಿ. ಸ್ಟ್ಯಾಟಿಸ್ಟಿಕ್ಸ್."

"ಸರಿ ಬುಡಿ ಡಾಕ್ಟ್ರೇ. ಅದುಕ್ಕೇ ಪಿಸ್ಟನ್ ಹಿಂದು ಮುಂದು ಮಾಡಿ ಹಾಕಿದೀರಿ."

ಅಂದಿನಿಂದ ನಾನು ಅವರಿಗೆ ಡಾಕ್ಟ್ರು. ಮರುದಿನ ಬರುವಾಗ ಮಗಳ ಅಡುಗೆಮನೆಯಿಂದ ಒಂದು ಇಡ್ಲಿ ತಟ್ಟೆ ತಂದರು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಅದರ ಗುಳಿಗಳಲ್ಲಿ ಇಡುವುದು ಅವರ ಪದ್ಧತಿ. "ಮೊದಲನೇ ಗುಳಿದು ಕೊನೇಗೆ ಹಾಕ್ಬೇಕು. ತಲೇಲಿ ಮಡಗಿದ್ರೆ ಮರೀತೀವಿ, ತಟ್ಟೇಲಿ ಮಡಗಿದ್ರೆ ಅಲ್ಲೇ ಇರ್ತದೆ." ರೂಪಾ ಒಂದು ವಾರ ಆ ತಟ್ಟೆ ಹುಡುಕಿದರಂತೆ. ಸಿಕ್ಕಾಗ ಅದರಲ್ಲಿ ಇಡ್ಲಿ ಬೇಯಿಸುವ ಸ್ಥಿತಿ ಇರಲಿಲ್ಲ.

ಹೀಗೆ ಬೇಸಿಗೆ ಕಳೆಯಿತು. ಹೊಸ ಪಿಸ್ಟನ್, ಹೊಸ ರಿಂಗು, ಬೇರಿಂಗು. ನಾನು ಮ್ಯಾನ್ಯುಯಲ್ ಓದುತ್ತಿದ್ದೆ, ಅವರು ಬೆರಳಿನಿಂದ ಸವರಿ ನೋಡುತ್ತಿದ್ದರು. ಮಧ್ಯೆ ಮಧ್ಯೆ ಇಂಟರ್‌ವ್ಯೂ ಮುಗಿಸಿ ಬಂದ ನನ್ನ ಮುಖವನ್ನೂ ನೋಡುತ್ತಿದ್ದರು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಅವರ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿತ್ತಂತೆ: ಹೊಟ್ಟೆ ಬಿಚ್ಚಿದ ಯಂತ್ರಕ್ಕೆ ಕುಂಕುಮ ಇಡಬಾರದು. ಹಾಗಾಗಿ ಎಂಜಿನ್ನನ್ನು ಆ ಬೆಳಿಗ್ಗೆಯೇ ಮುಚ್ಚಬೇಕಾಯಿತು. ಉಳಿದಿದ್ದದ್ದು ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್, ಅವರ ಬಾಯಲ್ಲಿ ಮ್ಯಾಗ್ನೆಟ್ಟು. ಸಿಲಿಂಡರಿನಲ್ಲಿ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎನ್ನುವುದು ಅದು ಕೂತ ಜಾಗದ ಮೇಲೆ ನಿಂತಿದೆ. ಜಾಗ ತಪ್ಪದಿರಲಿ ಎಂದು ಕ್ರ್ಯಾಂಕಿನ ದಂಡಕ್ಕೂ ಅದಕ್ಕೂ ನಡುವೆ ಉಗುರಿನಷ್ಟು ದೊಡ್ಡ ಅರ್ಧಚಂದ್ರಾಕಾರದ ಲೋಹದ ತುಣುಕು, ಅದಕ್ಕೆ ಕೀ ಎನ್ನುತ್ತಾರೆ. ಮೇಲಿಂದ ಒಂದು ದಪ್ಪ ನಟ್ಟು. ಆ ನಟ್ಟನ್ನು ಮೈಭಾರ ಹಾಕಿ ಬಿಗಿಯಬೇಕು.

"ಬೇಗ ಆಗ್ಲಿ ಡಾಕ್ಟ್ರೇ, ಇನ್ನು ಹತ್ತು ನಿಮಿಷಕ್ಕೆ ರಾಹುಕಾಲ."

"ಇಂಡಿಯಾ ಟೈಮಾ, ಪೆಸಿಫಿಕ್ ಟೈಮಾ ಅಂಕಲ್?"

"ಸೂರ್ಯ ಹುಟ್ಟೋ ಲೆಕ್ಕ ಕಣ್ರೀ. ಈ ಊರಲ್ಲಿ ಅವ್ನೇ ಕಾಣಕಿಲ್ಲ, ಅದುಕ್ಕೇ ಫೋನ್ ನೋಡೋದು."

ನನ್ನ ನೆನಪಿನಲ್ಲಿ ಆ ನಟ್ಟಿಗೆ ಸ್ಪ್ಯಾನರ್ ಹಾಕಿ ಬಗ್ಗಿದ್ದವರು ಶಿವಲಿಂಗಯ್ಯನವರು. ನಾನು ಕರ್ಪೂರ ಹುಡುಕುತ್ತಿದ್ದೆ. ಕವರ್ ಮುಚ್ಚಿದೆವು, ಕುಂಕುಮ ಇಟ್ಟೆವು, ಮೈಸೂರಿನ ನೆಂಟರಿಗೆ ಕಳಿಸಲೆಂದು ಇದೆಲ್ಲವನ್ನೂ ರೂಪಾ ಫೋನಿನಲ್ಲಿ ವಿಡಿಯೊ ಮಾಡಿಕೊಂಡರು.

ನವೆಂಬರಿನಲ್ಲಿ ಎಂಜಿನ್ ಎಬ್ಬಿಸಲು ಕೂತೆವು. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ ಅದು. ನಾನು ಎಳೆದರೆ ಹಗ್ಗ ಕೈಯಿಂದ ಕಿತ್ತುಕೊಂಡು ವಾಪಸು ಹೋಯಿತು. ಒಮ್ಮೆ ಹತ್ತಿಕೊಂಡರೂ ಕಾರ್ಬುರೇಟರಿನಲ್ಲಿ ಫಟ್ ಎಂದು ಸೀನಿ ಸತ್ತಿತು. ಕಿಡಿ ಹೊತ್ತಿಗೆ ಮೊದಲೇ ಹಾರುತ್ತಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ಕವರಿನ ಕಿಂಡಿಗೆ ಹಿಡಿದು, ಅವರಿಂದ ಹಗ್ಗ ಎಳೆಸಿ ನೋಡಿದೆ. ಫ್ಲೈವೀಲಿನ ಗೆರೆಯೂ ಅದರೆದುರಿನ ಸ್ಥಿರವಾದ ಗೆರೆಯೂ ಒಂದಕ್ಕೊಂದು ಸರಿಯಾಗಿ ಕೂತಿದ್ದವು.

"ಟೈಮಿಂಗ್ ಪರ್ಫೆಕ್ಟ್ ಇದೆ ಅಂಕಲ್. ಪ್ರಾಬ್ಲಮ್ ಬೇರೆ ಎಲ್ಲೋ ಇರ್ಬೇಕು."

"ಗೆರೆ ಎಳ್ದೋನು ಮನುಷ್ಯ," ಎಂದು ಅವರು ಇನ್ನೊಮ್ಮೆ ಹಗ್ಗ ಎಳೆದರು. ಈ ಸಲದ ಒದೆತಕ್ಕೆ ಅವರ ಮಣಿಕಟ್ಟು ತಿರುಚಿತು. ನೋವಿಗೆ ಕೂತೇಬಿಟ್ಟರು.

ರೂಪಾ ಓಡಿ ಬಂದರು. "ಅಪ್ಪಾ, ಸಾಕು ಇದು! ಎಪ್ಪತ್ತು ದಾಟಿದೆ ನಿಮಗೆ. ಇನ್ನೊಂದ್ ಏನಾದ್ರೂ ಆಯ್ತು ಅಂದ್ರೆ ಗರಾಜ್ ಕಡೆ ತಲೆ ಹಾಕೋ ಹಾಗಿಲ್ಲ, ಹೇಳಿದೀನಿ."

ಅವರಿಗೆ ಆ ಮನೆಯಲ್ಲಿ ಟಿವಿ ಇತ್ತು, ವಾಕಿಂಗ್ ಇತ್ತು, ಹೊತ್ತು ಹೊತ್ತಿಗೆ ಊಟ ಇತ್ತು. ಆದರೆ ಬೆಳಿಗ್ಗೆ ಎದ್ದು ಹೋಗಲು ಇದ್ದ ಜಾಗ ಎಂದರೆ ನನ್ನ ಗರಾಜ್ ಒಂದೇ. ಆ ಕಾಲದಲ್ಲಿ ನನಗೂ ಅಷ್ಟೇ. ಅದೇ ವಾರ ಮೂರನೆಯ ಕಂಪನಿಯೂ ಬೇಡ ಎಂದಿತ್ತು. "ನನ್ ಕೈಲಿ ಯಾವ್ದೂ ಸರಿಯಾಗ್ ಆಗಲ್ಲ ಅಂಕಲ್. ಇದನ್ನೂ ಮಾರ್ಬಿಡ್ತೀನಿ" ಎಂದಿದ್ದೆ. ಅವರು "ಸುಮ್ಕಿರಿ" ಎಂದಿದ್ದರು, ಅಷ್ಟೆ.

ಮಾರನೆಯ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ತೆರಿಯಾಕಿ ಎಂಬ ಜಪಾನಿ ಊಟದ ಅಂಗಡಿಯವರು ಚಮಚದ ಬದಲು ಕೊಡುವ ಮರದ ಕಡ್ಡಿ ಹಿಡಿದು ಬಂದರು. ಹಿಂದೆಯೇ ಕಾವಲಿಗೆ ರೂಪಾ.

"ಪ್ಲಗ್ ಬಿಚ್ಚಿ ಡಾಕ್ಟ್ರೇ. ಗೆರೇನ ಕೇಳಿದ್ದು ಸಾಕು, ಪಿಸ್ಟನ್ನ ಕೇಳಣ."

ಪ್ಲಗ್ಗಿನ ತೂತಿನಿಂದ ಕಡ್ಡಿ ಇಳಿಬಿಟ್ಟು, ಫ್ಲೈವೀಲನ್ನು ಮೆಲ್ಲನೆ ತಿರುಗಿಸಲು ಹೇಳಿದರು. ಕಡ್ಡಿ ಏರಿತು, ಏರಿತು, ನಿಂತಿತು, ಇಳಿಯತೊಡಗಿತು. ಹಿಂದೆ ಮುಂದೆ ಆಡಿಸಿ, ಅದು ನಿಲ್ಲುವ ತುತ್ತತುದಿಗೆ ತಂದು ನಿಲ್ಲಿಸಿದರು. ಪಿಸ್ಟನ್ ಪೂರ್ತಿ ಮೇಲೆ ಬಂದಿದೆ ಎಂದು ಫ್ಲೈವೀಲಿನಲ್ಲಿ ಬೇರೆಯೇ ಒಂದು ಗುರುತಿರುತ್ತದೆ. ಅದು ಸ್ಥಿರವಾದ ಗೆರೆಯಿಂದ ಎರಡು ಬೆರಳು ದೂರದಲ್ಲಿತ್ತು. ಆಗ ನನಗೆ ಹೊಳೆಯಿತು: ಫ್ಲೈವೀಲೇ ದಂಡದ ಮೇಲೆ ಜಾರಿದೆ. ಗೆರೆ ಇರುವುದು ಅದರ ಮೇಲೆ, ಕಿಡಿ ಹಾರಿಸುವುದೂ ಅದೇ. ಹಾಗಾಗಿ ಎರಡೂ ಸೇರಿ ಲೈಟಿಗೆ ಒಂದೇ ಸುಳ್ಳು ಹೇಳಿವೆ.

ಕವರ್ ತೆಗೆದೆ. ಶಿವಲಿಂಗಯ್ಯನವರು ಆ ದಪ್ಪ ನಟ್ಟನ್ನು ಹಿಡಿದು ತಿರುಗಿಸಿದರು. ಸ್ಪ್ಯಾನರ್ ಬೇಕಾಗಲಿಲ್ಲ, ಬೆರಳಿಗೇ ಬಂತು. ಒಳಗೆ ಕೀ ಅರ್ಧ ಕತ್ತರಿಸಿಹೋಗಿತ್ತು. ಪೂಜೆಯ ದಿನ ಆ ನಟ್ಟನ್ನು ಯಾರೂ ಬಿಗಿದಿರಲಿಲ್ಲ.

ಅವರು ನಟ್ಟನ್ನು ನೋಡಿದರು. ನನ್ನನ್ನು ನೋಡಿದರು. ಆ ನೋಟವನ್ನು ನಾನು ಆಮೇಲೆ ಸೇರಿಸಿಕೊಂಡೆನೇನೋ, ಗೊತ್ತಿಲ್ಲ. ಮಾತು ಮಾತ್ರ ಇದೇ: "ನಂದೇ ತಪ್ಪು. ನಾನೇ ಬಿಗಿ ಮಾಡದು ಮರ್ತೆ. ಪೂಜೆ ಗಡಿಬಿಡಿ ನೋಡಿ. ವಯಸ್ಸಾಯ್ತು."

"ನೋಡಿದ್ರಾ ಅಪ್ಪಾ?" ಎಂದರು ರೂಪಾ. ದನಿ ಜೋರಿರಲಿಲ್ಲ. ಬೈಗುಳಕ್ಕಿಂತ ಅದೇ ಹೆಚ್ಚಾಯಿತು. ಶಿವಲಿಂಗಯ್ಯನವರು ಇಡ್ಲಿ ತಟ್ಟೆಯನ್ನು ಒರೆಸಿ, ಮೊಳೆಗೆ ತೂಗುಹಾಕಿ, ಮಗಳ ಹಿಂದೆ ಹೋದರು.

ನಾನೂ ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ತಪ್ಪು ನನ್ನದಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ. ಆ ಹಗುರದಲ್ಲೇ ಹೊಸ ಕೀ ತರಿಸಿದೆ, ಹಾಕಿದೆ, ನಟ್ಟನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿದೆ. ಹಗ್ಗ ಎಳೆದಾಗ ಎಂಜಿನ್ ಎರಡನೆಯ ಎಳೆತಕ್ಕೇ ಎದ್ದಿತು. ತಲೆ ಎತ್ತಿದರೆ ಹೊರಗೆ ಡ್ರೈವ್‌ವೇನಲ್ಲಿ, ಗರಾಜಿನ ಹೊಸ್ತಿಲಿನಿಂದ ಒಂದಡಿ ಆಚೆ, ಶಿವಲಿಂಗಯ್ಯನವರು ಕೈಕಟ್ಟಿ ನಿಂತಿದ್ದರು.

"ಒಳಗೆ ಬನ್ನಿ ಅಂಕಲ್!"

"ಬರಕಿಲ್ಲ ಅಂತ ಮಗಳಿಗೆ ಮಾತು ಕೊಟ್ಟಿದೀನಿ. ಕಿಡಿ ಒಂಚೂರು ಲೇಟ್ ಮಾಡಿ... ಹಾಂ... ಜಾಸ್ತಿ ಆಯ್ತು, ವಾಪಸ್ ತನ್ನಿ... ನಿಲ್ಸಿ! ಅದನ್ನ ಇನ್ನು ಮುಟ್ಬೇಡಿ."

ಆಫ್ ಮಾಡಿ, ಕಿಡಿಯ ಹೊತ್ತನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಮತ್ತೆ ಎಬ್ಬಿಸಿ, ಹೀಗೆ ಆರೇಳು ಸಲ ಆದ ಮೇಲೆ ಬಂದ ಅಪ್ಪಣೆ ಅದು. ಆ ದಿನ ಅವರು ಕಿವಿಗೆ ಸ್ಕ್ರೂಡ್ರೈವರ್ ಒತ್ತಿಕೊಂಡಿರಲಿಲ್ಲ.

ಜನವರಿಯಲ್ಲಿ ಸ್ನೋಕ್ವಾಲ್ಮಿ ಪಾಸ್ ಎಂಬ ಹಿಮದ ಘಾಟಿಯ ಆಚೆಗೆ ಹೋಗಿ ಅವರನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದೆ. ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಹಿಡಿಸಲಿಲ್ಲ. ಅವರು ಕ್ಯಾಪು ತೆಗೆದದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ. ಮಾರ್ಚಿನಲ್ಲಿ "ಇಲ್ಲಿ ಕೆಲ್ಸ ಇಲ್ಲ ಬುಡಿ" ಎಂದು ಮೈಸೂರಿಗೆ ವಾಪಸಾದರು. ಹೊರಡುವ ದಿನ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, "ಕೆಲ್ಸ ಸಿಕ್ತಂತಲ್ಲ ಡಾಕ್ಟ್ರೇ, ಇದನ್ನ ಮಾರ್ಬೇಡಿ" ಎಂದರು. ಎಂಜಿನ್ನಿನ ಬಗ್ಗೆ ಹೇಳಿದರೋ ಸ್ಕ್ರೂಡ್ರೈವರಿನ ಬಗ್ಗೆಯೋ, ಕೇಳಲಿಲ್ಲ. ಕಳೆದ ವರ್ಷ ಅವರು ತೀರಿಹೋದರೆಂದು ರೂಪಾ ಬೇಲಿಯ ಆಚೆಯಿಂದ ಹೇಳಿದರು.

ಮೊನ್ನೆ ಇದನ್ನು ಬರೆಯಲು ಕೂತಾಗ, ಕಿವಿಯ ವಿಷಯವಾದರೂ ಖಚಿತವಾಗಲಿ ಎಂದು ರೂಪಾ ಅವರಿಂದ ಆಯುಧಪೂಜೆಯ ವಿಡಿಯೊ ಕೇಳಿ ತರಿಸಿಕೊಂಡೆ. ಕಿವಿಯ ವಿಷಯ ಅದರಲ್ಲಿಲ್ಲ. ಕರ್ಪೂರದ ತಟ್ಟೆ ಹಿಡಿದು ನಿಂತಿರುವವರು ಶಿವಲಿಂಗಯ್ಯನವರು. ಎಂಜಿನ್ ಮೇಲೆ ಬಗ್ಗಿರುವವನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಅವನು ತಟ್ಟನೆ ನೆಟ್ಟಗಾಗುತ್ತಾನೆ. "ಪೂರ್ತಿ ಬಿಗಿ ಆಯ್ತಾ ಡಾಕ್ಟ್ರೇ?" ಎಂದು ಅವರು ಕೇಳುವುದು ಸ್ಪಷ್ಟವಾಗಿದೆ. "ಹೂಂ ಅಂಕಲ್, ಆಯ್ತು" ಎನ್ನುವ ದನಿಯೂ ಸ್ಪಷ್ಟವಾಗಿದೆ. ಮೂರು ಸಲ ಹಿಂದಕ್ಕೆ ಸರಿಸಿ ನೋಡಿದೆ. ಸ್ಪ್ಯಾನರ್ ನನ್ನ ಕೈಯಲ್ಲಿದೆ.