ಒಲೆಗೆ ಹೋದ ಸೇವಂತಿಗೆ

ಇವತ್ತು ಬೆಳಿಗ್ಗೆ ಹೂ ಮುಗಿದ ಸೇವಂತಿಗೆಯನ್ನು ನೆಲಮಟ್ಟಕ್ಕೆ ಕತ್ತರಿಸಿದೆ. ಬೆರಳಿಗಂಟಿದ ಎಲೆಯ ಘಮ ನನ್ನನ್ನು ಗಂಡಸಿ ಊರಿನ ಅಜ್ಜಿಮನೆಗೆ ಎಳೆದೊಯ್ದಿತು.

ಅಲ್ಲಿ ಬಚ್ಚಲ ನೀರು ಹರಿಯುವ ಕಡೆ ಅಜ್ಜಿಯ ಸೇವಂತಿಗೆ ಸಾಲಿತ್ತು. ಹೂ ಮುಗಿದೊಡನೆ ಅಜ್ಜಿ ಗಿಡಗಳನ್ನು ಕುಡುಗೋಲಿನಿಂದ ಕೊಯ್ದುಬಿಡುತ್ತಿದ್ದಳು. ಒಮ್ಮೆ ನಾನು ಆ ಒಣ ಮೋಟುಗಳನ್ನೆಲ್ಲ ಬೇರುಸಮೇತ ಕಿತ್ತು, ನೀರು ಕಾಯಿಸುವ ಒಲೆಗೆ ಹಾಕಿ, ಹೆಮ್ಮೆಯಿಂದ ಅಜ್ಜಿಯನ್ನು ಕರೆದೆ.

"ಅಯ್ಯೋ, ಅವು ಸತ್ತಿರ್ಲಿಲ್ಲ ಕಣೇ! ಬುಡ್ದಲ್ಲಿ ಚಿಗುರೋ ಮರಿಗಿಡ ಇದ್ವು," ಎಂದು ಅಜ್ಜಿ ಅಲ್ಲೇ ಕೂತುಬಿಟ್ಟಳು. ನಾನು ಅತ್ತೆ.

ಮರುದಿನ ಎದುರುಮನೆ ಗೌರಕ್ಕ ಒಂದು ಹಿಡಿ ಮರಿ ತಂದರು. "ನೀವು ಕೊಟ್ಟಿದ್ದೇ ಅಲ್ವಾ ಅಜ್ಜಿ, ನಮ್ಮ ಹಿತ್ತಲು ತುಂಬಾ ಐತೆ." ಅವರ ಹಿಂದೆಯೇ ಇಡೀ ಬೀದಿ ಬಂತು. ಅಜ್ಜಿ ವರ್ಷವೂ ಮನೆಮನೆಗೆ ಮರಿ ಹಂಚುತ್ತಿದ್ದಳೆಂದು ಆಗಲೇ ನನಗೆ ತಿಳಿದದ್ದು. ನಮ್ಮ ಸಾಲು ಮೊದಲಿಗಿಂತ ಉದ್ದವಾಯಿತು.

ಅರಸೀಕೆರೆಯ ನನ್ನ ಅಂಗಳದಲ್ಲಿರುವುದೂ ಅದೇ ಗಿಡ. ಮರಿಗಳನ್ನು ಬಿಡಿಸಿಕೊಂಡು, ಮಣ್ಣುಗೈಯಲ್ಲೇ ಪಕ್ಕದ ಮನೆಯ ಬಾಗಿಲು ತಟ್ಟಿದೆ.